ಅಪ್ಪನ ಪಿಂಗ್ ಲೆಕ್ಕ

ಮೊನ್ನೆ ಭಾನುವಾರ ಮೊದಲ ದೋಸೆ ಕಾವಲಿ ಮೇಲಿರುವಾಗಲೇ ಸಾಗರದಿಂದ ಅಪ್ಪನ ಫೋನು. "ನೆಟ್ ಬಂದು ಬಂದು ಹೋಗ್ತಾ ಇದೆ ಮಾರಾಯ."

ಮನೆಯಲ್ಲಿ ಒಬ್ಬ ಕಂಪ್ಯೂಟರ್ ಓದಿದರೆ ನೆಂಟರಿಷ್ಟರ ರೂಟರುಗಳೆಲ್ಲ ಅವನ ಕೊರಳಿಗೇ. ನಿಮಗೂ ಗೊತ್ತಿರಬೇಕಲ್ವಾ? ಸಾಲದ್ದಕ್ಕೆ ಅಪ್ಪನ ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಉಬುಂಟು ಅನ್ನುವ ಲಿನಕ್ಸ್ ಹಾಕಿಕೊಟ್ಟವನೂ ನಾನೇ.

ಮೊದಲು ರೂಟರನ್ನೇ ಪಿಂಗ್ ಮಾಡಿ, ಅಂದರೆ ಲ್ಯಾಪ್‌ಟಾಪಿನಿಂದ ಕೂಗಿ ಕರೆದು ನೋಡಬೇಕು. ಅದು ಸರಿಯಾಗಿ ಉತ್ತರ ಕೊಟ್ಟರೆ ತೊಂದರೆ ಹೊರಗಿನ ಲೈನಿನದು, ಕೊಡದಿದ್ದರೆ ಮನೆಯೊಳಗಿನದು.

"ಟರ್ಮಿನಲ್ ತೆಗೆದು ಪಿಂಗ್ ಅಂತ ಟೈಪ್ ಮಾಡು. ಆಮೇಲೆ ಸ್ಪೇಸ್."

"ಸ್ಪೇಸ್ ಅಂದ್ರೆ?"

"ಸ್ವಲ್ಪ ಜಾಗ ಬಿಡು."

ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿಸಿತು.

ಹೇಗೋ ರೂಟರಿನ ವಿಳಾಸ 192.168.1.1 ಹೊಡೆಸಿದೆ. ಇದೇನು ಮಾಡ್ತದೆ ಅಂತ ಕೇಳಿದರು. "ತೋಟದಿಂದ ಕೂ ಹಾಕಿದ ಹಾಗೆ. ಆ ಕಡೆಯಿಂದ ಓ ಅನ್ನಬೇಕು" ಎಂದೆ. ತಕ್ಷಣ ಅರ್ಥವಾಯಿತು. 1983ರಲ್ಲಿ ಇದನ್ನು ಬರೆದ ಅಮೆರಿಕದ ಮೈಕ್ ಮೂಸ್, ಸಬ್‌ಮರೀನಿನ ಸೋನಾರ್ (ಸದ್ದು ಕಳಿಸಿ ಮಾರ್ದನಿ ಕೇಳುವ ಯಂತ್ರ) ಸದ್ದಿನ ಹೆಸರಿಟ್ಟರು. ಮಲೆನಾಡಿನವರಾಗಿದ್ದರೆ ಕೂ ಅಂತಲೇ ಇಡುತ್ತಿದ್ದರು.

ಅಷ್ಟರಲ್ಲಿ ದೋಸೆ ಸೀದ ವಾಸನೆ. "ಏನು ಬರ್ತದೋ ಬರೆದಿಟ್ಟಿರು" ಅಂತ ಫೋನಿಟ್ಟೆ. ಅಲ್ಲೇ ಎಡವಟ್ಟಾಯಿತು. ವಿಂಡೋಸಿನ ಪಿಂಗ್ ನಾಲ್ಕು ಸಲ ಕೂಗಿ ಸುಮ್ಮನಾಗುತ್ತದೆ. ಲಿನಕ್ಸಿನದು ನಾವು ನಿಲ್ಲಿಸುವ ತನಕ ಸೆಕೆಂಡಿಗೊಂದು ಕೂ ಹಾಕುತ್ತಲೇ ಇರುತ್ತದೆ. ನಾಲ್ಕಕ್ಕೇ ನಿಲ್ಲಬೇಕಾದರೆ ಮೈನಸ್ ಸಿ 4 ಅಂತ ಸೇರಿಸಬೇಕು. ನಾನು ಮರೆತಿದ್ದೆ. ಅಪ್ಪ ಬ್ಯಾಂಕಿನಲ್ಲಿ ಮೂವತ್ತು ವರ್ಷ ಕ್ಯಾಷಿಯರ್ ಆಗಿದ್ದವರು ಅನ್ನುವುದನ್ನೂ ಮರೆತಿದ್ದೆ.

ಇಪ್ಪತ್ತು ನಿಮಿಷ ಬಿಟ್ಟು ಫೋನ್ ಮಾಡಿದರೆ ಮೂರು ಪುಟ ತುಂಬಿಸಿ ಕೂತಿದ್ದಾರೆ! "64 ಬೈಟ್ಸ್" ಅನ್ನುವುದನ್ನು ಒಂದು ಸಲ ಪೂರ್ತಿ ಬರೆದು, ಕೆಳಗೆಲ್ಲ ಡಿಟ್ಟೋ.

"ಅದು 1200ರ ಹತ್ತಿರ ಹೋಗಿದೆ, ನಾನಿನ್ನೂ 60ರಲ್ಲಿದ್ದೀನಿ. ಸ್ವಲ್ಪ ನಿಧಾನಕ್ಕೆ ಬಾ ಅನ್ನಲಿಕ್ಕೆ ಆಗ್ತದಾ?"

ಆಗುತ್ತದೆ. ಮೈನಸ್ ಐ 5 ಅಂದರೆ ಐದು ಸೆಕೆಂಡಿಗೊಂದು. ನಾನು ಹೇಳಲಿಲ್ಲ. ಹೇಳಿದ್ದರೆ ಅದನ್ನೂ ಬರೆಯುತ್ತಿದ್ದರು.

ಆಮೇಲೆ ಓದಲು ಶುರು. "ಸೀಕ್ವೆನ್ಸ್ ಒಂದು, ಟೈಮ್ ಮೂರು ಪಾಯಿಂಟ್ ಎರಡು. ಸೀಕ್ವೆನ್ಸ್ ಎರಡು, ಟೈಮ್ ಎರಡು ಪಾಯಿಂಟ್ ಒಂಬತ್ತು..."

"ಅಪ್ಪ, ಸಾಕು."

"ತಡಿ, ಬರೆದಿದ್ದೀನಲ್ಲ. ಸೀಕ್ವೆನ್ಸ್ ಮೂರು..."

ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕಕ್ಕಿಟ್ಟು ಎರಡು ದೋಸೆ ತಿಂದೆ. ಮೂರನೆಯದಕ್ಕೆ ಕೈ ಹಾಕುವಾಗ ಅಪ್ಪನ ದನಿ ಬದಲಾಯಿತು.

"41 ಆದಮೇಲೆ 58 ಬಂದಿದೆ. ಮಧ್ಯದ 16 ಎಲ್ಲಿ?"

ಲಿನಕ್ಸ್ ಪಿಂಗಿಗೆ ಉತ್ತರ ಬಾರದಿದ್ದರೆ ಸಾಮಾನ್ಯವಾಗಿ ಅದು ಏನೂ ಹೇಳುವುದಿಲ್ಲ. ಸುಮ್ನೆ ನಂಬರು ಹಾರುತ್ತದೆ, ಅಷ್ಟೇ. ನನ್ನಂಥವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಇವರು ಎರಡು ರೂಪಾಯಿ ತಾಳೆಯಾಗಲಿಲ್ಲವೆಂದು ರಾತ್ರಿಯವರೆಗೆ ಬ್ಯಾಂಕಿನಲ್ಲಿ ಕೂತ ಜನ. ಅಂಥ ದಿನ ತೋಟದ ಆ ತುದಿಯಿಂದಲೇ ಕೂ ಹಾಕುತ್ತಿದ್ದರು. ಅಜ್ಜಿ ಓ ಅಂದು ಕಾಫಿಗೆ ನೀರಿಡುತ್ತಿದ್ದಳು. ಅಜ್ಜಿ ಹೋದಮೇಲೆ ಅಪ್ಪ ಕೂ ಹಾಕಿದ್ದು ನಾನು ಕೇಳಿಲ್ಲ.

"ಆಗ ಅಮ್ಮ ಏನು ಮಾಡ್ತಿದ್ದಳು?"

"ಓವನ್ನಲ್ಲಿ ಹಾಲು ಬಿಸಿ ಮಾಡ್ತಿದ್ದಳು."

ರೂಟರ್ ಇರುವುದು ಅಡುಗೆಮನೆಯ ಫ್ರಿಜ್ ಮೇಲೆ, ಓವನ್ನಿನ ಪಕ್ಕ. ಪ್ಲಗ್ ಅಲ್ಲೇ ಇತ್ತಂತೆ. ಮೈಕ್ರೋವೇವ್ ಓವನ್ನಿನ ಅಲೆಗಳೂ ವೈಫೈ ಅಲೆಗಳೂ 2.4 ಗಿಗಾಹರ್ಟ್ಸ್ ಆಸುಪಾಸಿನವೇ. ಓವನ್ ಕಿರುಚಿದರೆ ವೈಫೈ ಮಾತು ಕೇಳಿಸುವುದಿಲ್ಲ. ವೈಫೈಯನ್ನು 5 ಗಿಗಾಹರ್ಟ್ಸಿಗೆ ಹಾಕಿದರೆ ನಮ್ಮ ಹಳೇ ಮನೆಯ ದಪ್ಪ ಮಣ್ಣಿನ ಗೋಡೆ ದಾಟಿ ಬರುವುದಿಲ್ಲ. ಓವನ್ ತಂದುಕೊಟ್ಟವನು ಯಾರು ಅಂತ ಅಪ್ಪ ಕೇಳಲಿಲ್ಲ, ಪುಣ್ಯ. ರೂಟರನ್ನು ಜಗಲಿಗೆ ಸಾಗಿಸಲು ಹೇಳಿದೆ.

"ಇದು ಇನ್ನೂ ಓಡ್ತಾನೇ ಇದೆಯಲ್ಲ."

"ಕಂಟ್ರೋಲ್ ಒತ್ತಿ ಹಿಡಿದು ಸಿ ಒತ್ತು."

"ನಿಂತಿತು. ಕೆಳಗೆ ಏನೋ ಬಂತು. 1800 ಕಳಿಸಿದ್ದು, 1710 ಬಂದದ್ದು, 5 ಪರ್ಸೆಂಟ್ ಲಾಸ್." ಸ್ವಲ್ಪ ಹೊತ್ತು ಮಾತಿಲ್ಲ. "ಟೋಟಲ್ ಅದೇ ಹಾಕ್ತದಾ?"

"ಹೂಂ."

"ಮತ್ತೆ ನನ್ನ ಕೈಲಿ ಯಾಕೆ ಬರೆಸ್ದೆ?"