ಕಾಲು ಮರೆಮಾಡೋಕೆ ನೀರಿಗಿಳಿಯಬೇಡಿ

ಬೆನ್ನುಹುರಿಗೆ ಪೆಟ್ಟಾದ ಮೇಲೆ ಒಬ್ಬರ ದೇಹ ತಿಂಗಳುಗಟ್ಟಲೆ ಬೇರೆಯವರ ಕೈಯಲ್ಲಿರುತ್ತದೆ. ಎತ್ತುವುದು, ಹೊರಳಿಸುವುದು, ತೊಳೆಯುವುದು ಎಲ್ಲವೂ ಡಾಕ್ಟರು, ನರ್ಸು, ಫಿಸಿಯೊ, ಮನೆಯವರ ಲೆಕ್ಕದಲ್ಲೇ ನಡೆಯುತ್ತದೆ. ಅಂಥವರನ್ನು ನೀರಿಗಿಳಿಸಿ ತೆಗೆಯುವ ಫೋಟೊ ಧೈರ್ಯ ಕೊಡುವುದು ಇಲ್ಲೇ: ಏನು ಕಾಣಬೇಕು, ಯಾವಾಗ ಸಾಕು ಅನ್ನುವುದನ್ನು ಆ ವ್ಯಕ್ತಿಯೇ ಹೇಳುವಂತಾದಾಗ. ಉದ್ದನೆಯ ಗೌನು ಹೊದಿಸಿ, ಸಣ್ಣಗಾದ ಕಾಲುಗಳನ್ನು ಮುಚ್ಚಿ, ಮುಖವೊಂದನ್ನೇ ಚೆಂದ ತೋರಿಸುವ ಫೋಟೊ ನನ್ನ ಮಟ್ಟಿಗೆ ಆ ಕೆಲಸ ಮಾಡುವುದಿಲ್ಲ. ಕಾಯಿಲೆಯಿಂದ ವ್ಹೀಲ್‌ಚೇರ್ ಹಿಡಿದ ಬ್ರಿಟನ್ನಿನ ಕಲಾವಿದೆ ಸೂ ಆಸ್ಟಿನ್ 2012ರಲ್ಲಿ, ಲಂಡನ್ ಒಲಿಂಪಿಕ್ಸ್ ಜೊತೆಗಿನ ಸಾಂಸ್ಕೃತಿಕ ಕಾರ್ಯಕ್ರಮಕ್ಕಾಗಿ, ನೀರೊಳಗೆ ಚಲಿಸುವ ವ್ಹೀಲ್‌ಚೇರ್‌ನಲ್ಲಿ ಕೂತೇ ಕಾಣಿಸಿಕೊಂಡರು. ಕುರ್ಚಿಯೇ ಆ ಚಿತ್ರದ ಜೀವ.

ಆದರೆ ಶುರುವಿಗೇ ಸಮುದ್ರ ಬೇಡ, ಡೈವಿಂಗ್‌ಗೆ ಹೆಸರಾದ ನೇತ್ರಾಣಿ ದ್ವೀಪದ ಆಸೆಯೂ ಸದ್ಯಕ್ಕೆ ಬೇಡ. ನಾಲ್ಕರಿಂದ ಐದು ಅಡಿ ಆಳದ ಈಜುಕೊಳ ಸಾಕು. ನೀರು 30ರಿಂದ 32 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. ಬೆಂಗಳೂರಿನ ಡಿಸೆಂಬರ್‌ನಲ್ಲಿ ಬಿಸಿ ಮಾಡದ ಕೊಳಕ್ಕೆ ಇಳಿಸಿದರೆ ಕಾಲು ಸೆಟೆದು ನಡುಗುತ್ತದೆ. ಪೆಟ್ಟಾದ ಜಾಗದಿಂದ ಕೆಳಗೆ ದೇಹ ತನ್ನ ಬಿಸಿಯನ್ನು ಸರಿಯಾಗಿ ಕಾಯ್ದುಕೊಳ್ಳಲಾರದು.

ಮೊದಲು ಡಾಕ್ಟರ ಒಪ್ಪಿಗೆ. ತೆರೆದ ಬೆಡ್‌ಸೋರ್, ಮೂತ್ರದ ಸೋಂಕು, ಹತೋಟಿಗೆ ಬಾರದ ಫಿಟ್ಸ್ ಇದ್ದರೆ ನೀರು ಬೇಡ. ಗಂಟಲಲ್ಲಿ ಉಸಿರಾಟಕ್ಕೆಂದು ಮಾಡಿದ ಟ್ರೇಕಿಯಾಸ್ಟಮಿ ರಂಧ್ರವಿದ್ದರೆ ಮುಳುಗುವ ಮಾತೇ ಇಲ್ಲ. ಕುತ್ತಿಗೆಯ ಮಟ್ಟದಲ್ಲಿ ಪೆಟ್ಟಾದವರಿಗೆ ಕೆಮ್ಮುವ ಬಲ ಕಡಿಮೆ, ಹಾಗಾಗಿ ಒಂದು ಗುಟುಕು ನೀರು ಶ್ವಾಸಕ್ಕೆ ಹೋದರೂ ಅಪಾಯ. ಟಿ6 (ಬೆನ್ನುಹುರಿಯಲ್ಲಿ ಎದೆ ಭಾಗದ ಆರನೇ ಮಟ್ಟ) ಮತ್ತು ಅದಕ್ಕಿಂತ ಮೇಲಿನ ಪೆಟ್ಟಿದ್ದರೆ ಇನ್ನೊಂದು ಎಚ್ಚರ ಬೇಕು: ತುಂಬಿದ ಮೂತ್ರಕೋಶ ಅಥವಾ ಬಿಗಿದ ಪಟ್ಟಿಯೇ ರಕ್ತದೊತ್ತಡವನ್ನು ಒಮ್ಮೆಲೇ ಏರಿಸಬಹುದು. ತಲೆ ಸಿಡಿಯುವಂಥ ನೋವು, ಕೆಂಪೇರಿದ ಮುಖ, ಬೆವರು ಅದರ ಗುರುತು. ತಕ್ಷಣ ಮೇಲೆ ತಂದು, ನೆಟ್ಟಗೆ ಕೂರಿಸಿ, ಬಿಗಿಯಾದದ್ದನ್ನೆಲ್ಲ ಸಡಿಲಿಸಿ, ಮೂತ್ರದ ನಳಿಕೆ (ಕ್ಯಾತಿಟರ್) ಕಟ್ಟಿಕೊಂಡಿದೆಯೇ ನೋಡಿ. ಒತ್ತಡ ಇಳಿಯದಿದ್ದರೆ ಆಸ್ಪತ್ರೆಗೆ ಹೊರಡಿ. ನೀರಿಗಿಳಿಯುವ ಮುನ್ನ ಮೂತ್ರಕೋಶ ಖಾಲಿ ಮಾಡಿಕೊಳ್ಳುವುದನ್ನು ಯಾರೂ ನಾಚಿಕೆಯಿಂದ ಮುಂದೂಡಬಾರದು.

ಕೊಳದ ಅಂಚಿನ ಟೈಲ್ಸ್ ಬಹಳ ಕೆಟ್ಟದ್ದು. ಸ್ಪರ್ಶ ಗೊತ್ತಾಗದ ಹಿಮ್ಮಡಿ ತರಚಿದರೂ ನೋವಾಗುವುದಿಲ್ಲ. ಅಂಚಿಗೆ ದಪ್ಪ ಮ್ಯಾಟ್ ಹಾಸಿ, ಕಾಲಿಗೆ ನಿಯೋಪ್ರೀನ್ ಸಾಕ್ಸ್ ಹಾಕಿ. ಇಳಿಸುವುದಕ್ಕೆ ಇಬ್ಬರು ಬೇಕು. ಕಂಕುಳಿಗೆ ಕೈ ಹಾಕಿ ಎಳೆದರೆ ಬಲವಿಲ್ಲದ ಭುಜ ಜಾರಬಹುದು. ಮುಗಿದ ಮೇಲೆ ಮೈ ಒರೆಸಿ ಚರ್ಮ ನೋಡಿ. ಅರ್ಧ ಗಂಟೆಯಾದರೂ ಮಾಸದ ಕೆಂಪು ಗುರುತಿದ್ದರೆ ಆ ಜಾಗದ ಮೇಲೆ ಭಾರ ಬಿಡಬೇಡಿ.

ನೀರೊಳಗೆ ದೇಹ ಹೇಗಿರುತ್ತದೆ ಅನ್ನುವುದು ಪ್ರತಿಯೊಬ್ಬರಿಗೂ ಬೇರೆ. ಸ್ನಾಯು ಕರಗಿದ ಕಾಲು ಮೇಲಕ್ಕೇಳುತ್ತದೆ, ಒಂದು ಕಾಲು ಇಲ್ಲದವರ ದೇಹ ಪಕ್ಕಕ್ಕೆ ಉರುಳುತ್ತದೆ. ಅದನ್ನು ಸರಿಪಡಿಸಲು ಅವಸರಪಡಬೇಡಿ, ಆ ತಿರುವಿನಲ್ಲೇ ಒಳ್ಳೆಯ ಭಂಗಿ ಸಿಗುತ್ತದೆ. ಭಾರ ಬೇಕೇ ಬೇಕೆಂದರೆ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಸೊಂಟದ ಬೆಲ್ಟಿಗೆ ಅರ್ಧ ಕಿಲೊದಿಂದ ಶುರುಮಾಡಿ. ಸ್ಪರ್ಶವಿಲ್ಲದ ಕಾಲಿಗೆ ಕಟ್ಟಬೇಡಿ. ಪೂರ್ತಿ ಉಸಿರು ತುಂಬಿಕೊಂಡರೆ ಮುಳುಗಲಾಗುವುದಿಲ್ಲ, ಕೆನ್ನೆಯೂ ಉಬ್ಬುತ್ತದೆ. ಅರ್ಧ ಉಸಿರನ್ನು ಮೂಗಿನಿಂದ ನಿಧಾನ ಬಿಟ್ಟರೆ ದೇಹ ತಾನೇ ಇಳಿದು ಮುಖ ಸಡಿಲಾಗುತ್ತದೆ. ಒಂದು ಸಲಕ್ಕೆ 8ರಿಂದ 10 ಸೆಕೆಂಡ್, ಆಮೇಲೆ ಎರಡು ನಿಮಿಷ ವಿಶ್ರಾಂತಿ. ಮುಳುಗುವ ಮುನ್ನ ಜೋರಾಗಿ ಹತ್ತಾರು ಉಸಿರು ಎಳೆಯುವ ಅಭ್ಯಾಸ ಖಂಡಿತ ಬೇಡ, ನೀರೊಳಗೇ ಪ್ರಜ್ಞೆ ತಪ್ಪಬಹುದು. ಕಾಯುವುದಕ್ಕೆಂದೇ ಒಬ್ಬರು ಪಕ್ಕದಲ್ಲಿರಬೇಕು. ಕ್ಯಾಮೆರಾ ಹಿಡಿದವರು ಕಾವಲುಗಾರರಾಗಲಾರರು. ಕೈ ಆಡದವರಿಗೆ ‘ಸಾಕು’ ಅನ್ನಲು ತಲೆಯಾಡಿಸುವ ಸನ್ನೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಮೊದಲ ದಿನ ಕ್ಯಾಮೆರಾ ತರಲೇಬೇಡಿ.

ಬಟ್ಟೆಗೆ ಎರಡು ಮೀಟರಿನ ಜಾರ್ಜೆಟ್ ದುಪಟ್ಟಾ ಚೆನ್ನ. ಸೀರೆ ಕಾಲಿಗೆ, ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ನೀರು ಮೊದಲು ಕೆಂಪನ್ನೇ ಹೀರುವುದರಿಂದ ಕ್ಯಾಮೆರಾ ಒಂದು ಮೀಟರ್ ಆಸುಪಾಸಿನಲ್ಲೇ ಇರಲಿ, ಲೆನ್ಸ್ ಅಗಲದ್ದಾಗಿರಲಿ, ಬಿಳಿ ಹಲಗೆಯನ್ನು ನೀರೊಳಗೇ ಹಿಡಿದು ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಮಾಡಿ. ಶಟರ್ 1/250 ಸೆಕೆಂಡ್ ಅಥವಾ ಅದಕ್ಕೂ ವೇಗ. ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲೇ ಇದ್ದರೆ ನೀರಿನ ಕಸವೆಲ್ಲ ಬಿಳಿ ಚುಕ್ಕೆಯಾಗಿ ಬೀಳುತ್ತದೆ, ದೂರ ಸರಿಸಿ. ಕೆಳಗಿನಿಂದ ಸಾಕಷ್ಟು ಓರೆಯಾಗಿ, ಲಂಬಕ್ಕೆ ಸುಮಾರು 49 ಡಿಗ್ರಿ ದಾಟಿ ನೋಡಿದರೆ ನೀರಿನ ಮೇಲ್ಮೈಯೇ ಕನ್ನಡಿಯಾಗಿ ದೇಹ ಎರಡಾಗಿ ಕಾಣುತ್ತದೆ. ಅಲೆ ನಿಲ್ಲುವವರೆಗೆ ಕಾಯುವ ತಾಳ್ಮೆ ಬೇಕು, ಅಷ್ಟೆ.

ಮೊದಲ ಫೋಟೊಗಳನ್ನು ಅವರೊಬ್ಬರೇ ನೋಡಲಿ. ಸುತ್ತ ನಿಂತು ‘ವಾವ್’ ಅನ್ನಬೇಡಿ, ಕಣ್ಣೀರೂ ಹಾಕಬೇಡಿ. ಕೆಲವರಿಗೆ ಫೋಟೊ ನೋಡಿ ದುಃಖವೇ ಉಕ್ಕಬಹುದು. ಅದು ದಿನಗಟ್ಟಲೆ ಇಳಿಯದಿದ್ದರೆ ಕೌನ್ಸೆಲರ್ ಬೇಕು, ಇನ್ನೊಂದು ಶೂಟ್ ಅಲ್ಲ. ಎಡಿಟಿಂಗ್‌ನಲ್ಲಿ ಗಾಯದ ಕಲೆ ಅಳಿಸುವುದು, ಬಾಗಿದ ಕಾಲು ನೆಟ್ಟಗೆ ಮಾಡುವುದು ಅವರು ಕೇಳದೆ ನಡೆಯಬಾರದು. ಫೋಟೊ ಎಲ್ಲಾದರೂ ಹಾಕುವ ಮುನ್ನ ಒಪ್ಪಿಗೆಯನ್ನು ಬರೆಸಿಕೊಳ್ಳಿ, ಒಂದೊಂದು ಫೋಟೊಗೂ ಬೇರೆಬೇರೆಯಾಗಿ, ಅದರ ಜೊತೆ ಹಾಕುವ ಬರಹವನ್ನೂ ತೋರಿಸಿ. ಯಾವುದಾದರೂ ಬೇಡ ಅಂದರೆ ಮೆಮೊರಿ ಕಾರ್ಡ್, ಲ್ಯಾಪ್‌ಟಾಪ್, ಬ್ಯಾಕಪ್ ಮೂರರಿಂದಲೂ ಅವರ ಎದುರೇ ಅಳಿಸಿ.