ಮಗ್ಗದ ಕುಣಿಯಲ್ಲಿ ಗಟಾರದ ನೀರು, ಮತ್ತು ನಮ್ಮ ಅಕ್ಕನ ಪ್ರಚಾರ

ಬೆಳಗಾವಿ ಪಾಲಿಕೆ ಚುನಾವಣೆಯ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗೋದು ಒಂದು ಮಗ್ಗದ ಕುಣಿ.

2021ರ ಆಗಸ್ಟ್ ಕೊನೆ. ಮಳೆ ಬಿಟ್ಟುಬಿಟ್ಟು ಸುರಿಯುತ್ತಿತ್ತು. ಎನ್‌ಜಿಓ ಕೆಲಸ ಮಾಡಿಕೊಂಡಿದ್ದ ನಮ್ಮ ಅಕ್ಕ ಆ ಚುನಾವಣೆಗೆ ನಮ್ಮ ವಾರ್ಡಿನಿಂದ ಪಕ್ಷೇತರರಾಗಿ ನಿಂತಿದ್ದರು. ನಾವು ಆರೇಳು ಜನ ಅವರ ಜೊತೆ ನೇಕಾರರ ಗಲ್ಲಿಯಲ್ಲಿ ಮನೆಮನೆಗೆ ಹೋಗುತ್ತಿದ್ದೆವು. ಒಂದು ಮನೆಯ ಕಾಕಾ ನಮ್ಮ ಕರಪತ್ರ ಮುಟ್ಟಲೇ ಇಲ್ಲ. "ಅದನ್ನ ಆಮ್ಯಾಲೆ ಕೊಡ್ರಿ, ಮೊದ್ಲ ಒಳಗ ಬಂದು ನೋಡ್ರಿ" ಅಂದರು. ಮಗ್ಗದ ಮುಂದೆ ಕಾಲು ಇಳಿಬಿಟ್ಟು ಕೂರುವ ಕುಣಿ ಇರುತ್ತಲ್ವಾ, ಅದರ ತುಂಬ ಕಪ್ಪು ನೀರು. ಗಟಾರದ್ದು. ಮಗ್ಗಕ್ಕೆ ಹೂಡಿದ ಹಾಸುನೂಲಿನ ಒಂದು ಅಂಚು ತೊಯ್ದು ಬಣ್ಣ ಬಿಟ್ಟಿತ್ತು. ಕಾಕೂ ಒಂದು ಡಬ್ಬಿಯಿಂದ ಆ ನೀರನ್ನು ಬಕೆಟ್ಟಿಗೆ ಎತ್ತಿ ಹಾಕುತ್ತಿದ್ದರು, ನಾವು ಬಂದದ್ದಕ್ಕೂ ನಿಲ್ಲಿಸಲಿಲ್ಲ.

ಅಕ್ಕ ಓಟು ಕೇಳಲಿಲ್ಲ. ಅಲ್ಲೇ ಕುಕ್ಕರುಗಾಲಲ್ಲಿ ಕೂತು ನೋಟ್‌ಬುಕ್ ತೆಗೆದರು. ಯಾವ ಕಡೆಯಿಂದ ನೀರು ಬರುತ್ತೆ, ಯಾವಾಗಿಂದ, ಹಿಂದೆ ಯಾರಿಗೆ ಅರ್ಜಿ ಕೊಟ್ಟಿದ್ರಿ, ಅದರ ಪ್ರತಿ ಇದೆಯಾ. ಎಲ್ಲ ಬರೆದುಕೊಂಡು ಹೇಳಿದರು: "ಗೆದ್ದರ ನಾಳೆನ ಸರಿ ಮಾಡ್ತೀನಿ ಅನ್ನಂಗಿಲ್ಲ ಕಾಕಾ. ರಸ್ತೆ ಮ್ಯಾಲೆ ರಸ್ತೆ ಹಾಕಿ ಏರಿಸ್ಯಾರ, ಗಟಾರ ನಿಮ್ಮ ಹೊಸ್ತಿಲಕಿಂತ ಮ್ಯಾಲ ಬಂದೈತಿ. ಹಳೇದು ಕೆತ್ತಿ ತೆಗೆದು ಇಳಿಜಾರು ಮಾಡಬೇಕು. ಟೈಮ್ ಹಿಡಿತೈತಿ. ಆದರ ಬರಕೊಂಡಿದ್ದನ್ನ ನಾ ಬಿಡಂಗಿಲ್ಲ."

ಅದೇ ಗೋಡೆಯ ಆಚೆಗಿನ ಮನೆ ಮರಾಠಿ ಮಾತಾಡುವವರದು. ಅಲ್ಲೂ ಮಗ್ಗ, ಅಲ್ಲೂ ಕುಣಿ, ಅಷ್ಟೇ ನೀರು. ಅಕ್ಕ ಅಲ್ಲಿ ಮರಾಠಿಯಲ್ಲಿ ಮಾತಾಡಿದರು, ಅದೇ ನೋಟ್‌ಬುಕ್ಕಿನ ಮುಂದಿನ ಪುಟದಲ್ಲಿ ಬರೆದುಕೊಂಡರು. ಅವರ ಕರಪತ್ರವೂ ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಇತ್ತು.

ಇದಕ್ಕೇ ಕೆಲವರಿಗೆ ಸಿಟ್ಟು. ಎಲ್ಲಿ ಹೋದರೂ ಮೊದಲ ಪ್ರಶ್ನೆ, "ನೀವು ಯಾರ ಪೈಕಿ?" ಅಕ್ಕ "ಈ ವಾರ್ಡಿನ ಪೈಕಿ ರೀ" ಅಂದರೆ ಜನಕ್ಕೆ ಸಮಾಧಾನ ಆಗುತ್ತಿರಲಿಲ್ಲ. ಅವರನ್ನು ಬೈಯೋಕೂ ಆಗಲ್ಲ. ದಶಕಗಟ್ಟಲೆ ನಮ್ಮೂರಲ್ಲಿ ಪಾಲಿಕೆ ಚುನಾವಣೆ ಅಂದರೆ ಕನ್ನಡವೋ ಮರಾಠಿಯೋ ಅನ್ನೋದೇ ಆಗಿತ್ತು. ಗಡಿ ವಿಷಯಕ್ಕೆ 2005ರಲ್ಲಿ ಒಮ್ಮೆ, 2011ರಲ್ಲಿ ಇನ್ನೊಮ್ಮೆ ಸರ್ಕಾರ ಇಡೀ ಪಾಲಿಕೆಯನ್ನೇ ಸೂಪರ್‌ಸೀಡ್ ಮಾಡಿತ್ತು, ಅಂದರೆ ವಿಸರ್ಜಿಸಿತ್ತು. 2021ರಲ್ಲಿ ದೊಡ್ಡ ಪಕ್ಷಗಳು ಮೊದಲ ಸಲ ತಮ್ಮ ಚಿಹ್ನೆ ಮೇಲೆ ಇಳಿದವು, ಆಗ ಜಾತಿ ಧರ್ಮದ ಲೆಕ್ಕವೂ ಜೋರಾಗಿ ಸೇರಿಕೊಂಡಿತು. ರಾಜ್ಯೋತ್ಸವದ ದಿನ ಚನ್ನಮ್ಮ ವೃತ್ತದ ಜನಸಾಗರದಲ್ಲಿ ನಾನೂ ಇರುತ್ತೇನೆ, ಕನ್ನಡ ಅಂದರೆ ನನಗೆ ಪ್ರಾಣ. ಆದರೆ ವಾರ್ಡ್ ಮೆಂಬರ್ ಕೆಲಸ ನಳ, ಗಟಾರ, ಕಸ, ಬೀದಿದೀಪ, ಶಾಲೆ ಮುಂದಿನ ತಗ್ಗು. ಅದಕ್ಕೆ ಯಾರು ದಿನಾ ಓಡಾಡ್ತಾರೆ ಅಂತ ನೋಡಬೇಕಲ್ವಾ?

ಅಕ್ಕ ದೊಡ್ಡ ಮಾತು ಆಡಲೇ ಇಲ್ಲ. ಅವರು ಹೆಚ್ಚು ಹೇಳಿದ್ದು ವಾರ್ಡ್ ಸಮಿತಿ ಬಗ್ಗೆ. ನಮ್ಮ ಪಾಲಿಕೆ ಕಾಯ್ದೆಯಲ್ಲೇ ಇದೆ, ಪ್ರತಿ ವಾರ್ಡಿಗೂ ಒಂದು ಸಮಿತಿ ಇರಬೇಕು, ನಗರಸೇವಕರೇ, ಅಂದರೆ ವಾರ್ಡ್ ಮೆಂಬರೇ, ಅದರ ಅಧ್ಯಕ್ಷರು, ಅದರಲ್ಲಿ ಹೆಣ್ಣುಮಕ್ಕಳು ಇರಬೇಕು, ಪರಿಶಿಷ್ಟರು ಇರಬೇಕು. ಎಷ್ಟು ಜನಕ್ಕೆ ಗೊತ್ತು ಇದು? ನನಗೇ ಅವರು ಹೇಳೋವರೆಗೆ ಗೊತ್ತಿರಲಿಲ್ಲ. ಈ ವಾರ್ಡಿಗೆ ಎಷ್ಟು ದುಡ್ಡು ಬಂತು, ಯಾವ ಕಾಮಗಾರಿಗೆ ಹೋಯಿತು, ಗುತ್ತಿಗೆ ಯಾರಿಗೆ ಅಂತ ತಿಂಗಳಿಗೊಮ್ಮೆ ಗುಡಿಕಟ್ಟೆಯಲ್ಲಿ ಕೂತು ಓದಿ ಹೇಳ್ತೀನಿ ಅನ್ನೋದು ಅವರ ಮಾತು. ಪೌರಕಾರ್ಮಿಕರಿಗೆ ಗ್ಲೌಸು, ಬೂಟು, ಹೊತ್ತಿಗೆ ಸರಿಯಾಗಿ ಪಗಾರ. ಸಂತೆಗೆ ಬರುವ ಹೆಂಗಸರಿಗೆ ಶೌಚಾಲಯ. ಮತ್ತೆ ನೀರು. 2008ರಲ್ಲೇ ಬೆಳಗಾವಿಯ 10 ವಾರ್ಡುಗಳಿಗೆ ಹಗಲೂ ರಾತ್ರಿ ನಳದ ನೀರು ಬಂತು, ಆಗ ಇಡೀ ರಾಜ್ಯ ನಮ್ಮ ಕಡೆ ನೋಡಿತ್ತು. ವಾರ್ಡ್ ಇರೋದು 58. ಹದಿಮೂರು ವರ್ಷ ಆದಮೇಲೂ ಉಳಿದವರು ಕೊಡ ಸಾಲಾಗಿಟ್ಟು ಯಾಕೆ ಕಾಯಬೇಕು ಅಂತ ಅವರು ಕೇಳಿದಾಗ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

ದುಡ್ಡಿನ ವಿಷಯವನ್ನೂ ಹೇಳಲೇಬೇಕು. ಮತದಾನ ಸೆಪ್ಟೆಂಬರ್ 3, ಗಣೇಶ ಚೌತಿ 10. ಬೆಳಗಾವಿಯಲ್ಲಿ ಗಣಪತಿ ಅಂದರೆ ಏನು ಅಂತ ಊರವರಿಗೆ ಹೇಳಬೇಕಿಲ್ಲ. ಗಣಪತಿ ಮಂಡಳದ ಹುಡುಗರು ಬಂದು ವರ್ಗಣಿ, ಅಂದರೆ ಹಬ್ಬದ ಚಂದಾ, ಕೇಳಿದರು, ಮೊತ್ತವನ್ನೂ ಅವರೇ ಹೇಳಿದರು. ಅಕ್ಕ "ಚುನಾವಣೆ ಮುಗಿದ ಮ್ಯಾಲೆ ಬರ್ರಿ, ವರ್ಷಾ ಕೊಟ್ಟಷ್ಟ ಕೊಡ್ತೀನಿ" ಅಂದರು. ನಮ್ಮ ಹುಡುಗರೇ ತಲೆ ಮೇಲೆ ಕೈ ಹೊತ್ತರು. ಕೊನೆಯ ಎರಡು ರಾತ್ರಿ ಗಲ್ಲಿಯಲ್ಲಿ ಪಾಕೀಟು ಹಂಚುವ ಬೈಕುಗಳು ಓಡಾಡಿದವು. ಕಣ್ಣಾರೆ ನೋಡಿದ್ದೇನೆ. ತಗೊಂಡವರಲ್ಲಿ ಎರಡು ವರ್ಷದ ಲಾಕ್‌ಡೌನ್‌ನಲ್ಲಿ ಸೀರೆ ಮಾರಾಟ ನಿಂತು ಮಗ್ಗವನ್ನೇ ಮಾರಿದ ಮನೆಯವರೂ ಇದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಕೊಟ್ಟವರ ಮೇಲಿದೆ, ಇವತ್ತಿಗೂ.

ಅಕ್ಕ ಸೋತರು. ಪಕ್ಷ ಇಲ್ಲ, ಚಿಹ್ನೆ ಕೈಗೆ ಬಂದ ಮೇಲೆ ಉಳಿದದ್ದು ಬರೀ ಒಂದು ವಾರ. "ಓಟು ಒಡೆದಿರಿ" ಅಂತ ಬೈದವರು ಇದ್ದಾರೆ, "ಎನ್‌ಜಿಓ ಮಾಡೋದು ಬಿಟ್ಟು ನಿಮಗ್ಯಾಕೆ ರಾಜಕೀಯ" ಅಂದವರೂ ಇದ್ದಾರೆ. ಎರಡನೆಯದು ನನಗೆ ಜಾಸ್ತಿ ನೋವು ಕೊಟ್ಟಿತು. ನೆರವಿನ ಕಿಟ್ ಹಂಚುವಾಗ ಬೇಕಾದ ಅಕ್ಕ, ಬಜೆಟ್ ಬರೆಯುವ ಕುರ್ಚಿ ಕೇಳಿದ ಕೂಡಲೇ ಬೇಡವಾದರು. ಮೀಸಲಾತಿ ಇರೋದರಿಂದ ಪಾಲಿಕೆಯಲ್ಲಿ ಅರ್ಧ ಸೀಟು ಹೆಣ್ಣುಮಕ್ಕಳದು. ಆದರೆ ಎಷ್ಟೋ ಬ್ಯಾನರಿನಲ್ಲಿ ಅಭ್ಯರ್ಥಿಗಿಂತ ಅವರ ಯಜಮಾನರ ಫೋಟೋನೇ ದೊಡ್ಡದು. ಗಂಡನ ಫೋಟೋ ಇಲ್ಲದೆ, ತನ್ನ ಕೆಲಸ ತೋರಿಸಿ ಓಟು ಕೇಳಿದ ಒಬ್ಬ ಹೆಣ್ಣುಮಗಳನ್ನು ನಾನು ನೋಡಿದೆ. ಅದಕ್ಕೇ ಅವರ ಹಿಂದೆ ಮಳೆಯಲ್ಲಿ ನಡೆದೆ.

ಇನ್ನೊಂದು ಮಾತು. ಪಾಲಿಕೆಯ ಹಿಂದಿನ ಅವಧಿ 2019ರಲ್ಲೇ ಮುಗಿದಿತ್ತು. ಆ ವರ್ಷದ ಆಗಸ್ಟ್ ಪ್ರವಾಹದಲ್ಲಿ ಮನೆಗಳಿಗೆ ನೀರು ನುಗ್ಗಿದಾಗ ನಮಗೆ ಕೇಳೋಕೆ ಒಬ್ಬ ಮೆಂಬರ್ ಇರಲಿಲ್ಲ. ಕೊರೋನಾ ಎರಡು ಅಲೆಗೂ ಇರಲಿಲ್ಲ. ಸರಿ, 2021ರಲ್ಲಿ ಓಟು ಹಾಕಿದೆವು, ಮೂರೇ ದಿನಕ್ಕೆ ಫಲಿತಾಂಶವೂ ಬಂತು. ಮೇಯರ್ ಆಯ್ಕೆ ಆದದ್ದು 2023ರ ಫೆಬ್ರವರಿ 6ಕ್ಕೆ! ಹದಿನೇಳು ತಿಂಗಳು ಗೆದ್ದವರು ಸುಮ್ನೆ ಮನೆಯಲ್ಲಿ ಕೂರಬೇಕಾಯಿತು. ಯಾವ ಪಕ್ಷದವರಾದರೂ ಇರಲಿ, ಇದು ಅವರಿಗೆ ಓಟು ಹಾಕಿದವರಿಗೆ ಮಾಡಿದ ಅವಮಾನ. ಇದಕ್ಕೆ ಊರು ಬೀದಿಗೆ ಇಳಿಯಬೇಕಿತ್ತು. ಇಳಿಯಲಿಲ್ಲ.

ಆ ಹದಿನೇಳು ತಿಂಗಳಲ್ಲಿ ಅಕ್ಕನ ನೋಟ್‌ಬುಕ್ ಮಾತ್ರ ಓಡಾಡುತ್ತಿತ್ತು. ಪ್ರತಿ ಪುಟಕ್ಕೂ ಒಂದು ಅರ್ಜಿ ಬರೆದು, ಮನೆಯವರಿಂದಲೇ ಸಹಿ ಹಾಕಿಸಿ, ಅವರನ್ನೇ ಕಚೇರಿಗೆ ಕರೆದುಕೊಂಡು ಹೋಗಿ ಕೊಡಿಸುತ್ತಿದ್ದರು, ಸ್ವೀಕೃತಿ ಸೀಲು ಬೀಳೋವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ. ಕೆಲವು ಕೆಲಸ ಆದವು, ಬಹಳಷ್ಟು ಆಗಲಿಲ್ಲ. ನೇಕಾರರ ಗಲ್ಲಿಯ ಗಟಾರ ಅರ್ಧ ಆಗಿದೆ. ಮರಾಠಿ ಮನೆಯವರೂ ಕಾಕಾನೂ ಸೇರಿ ಒಂದೇ ಹಾಳೆ ಮೇಲೆ ಸಹಿ ಹಾಕಿಕೊಟ್ಟ ಅರ್ಜಿಗೆ ಆದ ಕೆಲಸ ಅದು. ಉಳಿದ ಅರ್ಧಕ್ಕೆ ಅಕ್ಕ ಈಗಲೂ ಓಡಾಡುತ್ತಿದ್ದಾರೆ.

ಹೋದ ವಾರ ಕಾಕಾ ಸಿಕ್ಕಿದ್ದರು. "ಅಕ್ಕಾರು ಮತ್ತ ನಿಂದರತಾರೇನು?" ಅಂತ ಕೇಳಿದರು. ಗೊತ್ತಿಲ್ಲ ಅಂದೆ. "ನಿಂತರ ಆ ಕರಪತ್ರ ಒಂದು ಐವತ್ತು ನಮ್ಮ ಮನ್ಯಾಗ ಇಟ್ಟು ಹೋಗ್ರಿ, ಈ ಸಲ ಗಲ್ಲಿಗೆ ನಾನ ಹಂಚತೀನಿ" ಅಂದರು.