ಹತ್ತು ನಿಮಿಷದಲ್ಲಿ ಯಾರ ಮುಖಾನೂ ಬೆಳ್ಳಗಾಗಲ್ಲ ಕಣ್ರೀ

ಮಾರ್ಚ್ ಹತ್ರ ಬಂತು ಅಂದ್ರೆ ನನ್ನಂಗೆ ಮನೇಲೇ ಪಾರ್ಲರ್ ಇಟ್ಕೊಂಡಿರೋರ ಫೋನಿಗೆ ಅಪಾರ್ಟ್‌ಮೆಂಟ್ ಕಮಿಟಿಗಳ ಮೆಸೇಜ್ ಶುರುವಾಗತ್ತೆ. ವಿಮೆನ್ಸ್ ಡೇಗೆ ಕ್ಲಬ್‌ಹೌಸಲ್ಲಿ ಪ್ಯಾಂಪರ್ ಈವ್ನಿಂಗ್ ಇಟ್ಕೊಂಡಿದೀವಿ ಮೇಡಂ, ನೀವೊಂದು ಸ್ಟಾಲ್ ಹಾಕಿ, ಕ್ವಿಕ್ಕಾಗಿ ಕ್ಲೀನಪ್ಪು, ಬ್ಲೀಚು, ಡಿ-ಟ್ಯಾನು, ಮೆಹಂದಿ ಎಲ್ಲ ಮಾಡ್ಬಿಡಿ, 60 ಜನ ಆಗ್ಬಹುದು, ಸಂಜೆ 6ರಿಂದ 9. ಮಧ್ಯೆ ತಂಬೋಲಾ ಇದೆ, ಕೇಕ್ ಇದೆ, ರ್‍ಯಾಂಪ್ ವಾಕ್ ಇದೆ, ಆಮೇಲೆ ಊಟ.

ಕೆಲಸ ಬರೋದು ಖುಷೀನೇ, ಬೇಡ ಅನ್ನಲ್ಲ. ಆದ್ರೆ ಆ ಲಿಸ್ಟ್ ನೋಡಿದಾಗೆಲ್ಲ ನಂಗೆ ಮೈ ಉರಿಯತ್ತೆ. ಯಾಕೆ ಅಂತ ಇವತ್ತು ಪೂರ್ತಿ ಬರೆದು ಹಾಕ್ತಿದೀನಿ, ಮುಂದೆ ಯಾರಾದ್ರೂ ಕೇಳಿದ್ರೆ ಈ ಪೋಸ್ಟನ್ನೇ ಫಾರ್ವರ್ಡ್ ಮಾಡ್ಬಿಡ್ತೀನಿ.

ಮೊದ್ಲು ಲೆಕ್ಕ ಹಾಕೋಣ. 3 ಗಂಟೆ ಅಂದ್ರೆ 180 ನಿಮಿಷ. ಒಬ್ಬರಿಗೆ 15 ನಿಮಿಷ, ಅವ್ರು ಎದ್ದ ಮೇಲೆ ಟವೆಲ್ ಬದಲಾಯ್ಸಿ ಕುರ್ಚಿ ಒರೆಸಿ ಕೈ ತೊಳ್ಕೊಂಡು ಬರೋಕೆ 5 ನಿಮಿಷ. ಅಲ್ಲಿಗೆ 9 ಜನ. ನೀರು ಕುಡಿಯೋಕೂ ಏಳದೆ ಮಾಡಿದ್ರೆ 9 ಜನ. 60 ಜನಕ್ಕೆ ಮಾಡ್ಬೇಕಂದ್ರೆ ನನ್ನ ಜೊತೆ ಇನ್ನೂ 6 ಹುಡುಗೀರನ್ನ ಕರ್ಕೊಂಡು ಬರ್ಬೇಕು, ಇಲ್ಲಾಂದ್ರೆ ಆ ಕ್ಲೀನ್ ಮಾಡೋ 5 ನಿಮಿಷ ನುಂಗ್ಬೇಕು. ಎಲ್ಲಾ ಕಡೆ ನುಂಗೋದು ಅದನ್ನೇ. ಒಬ್ಬರ ಮುಖ ಒರೆಸಿದ ಸ್ಪಾಂಜು ಅದೇ ಬೋಗುಣಿ ನೀರಲ್ಲಿ ಅದ್ದಿ ಇನ್ನೊಬ್ಬರ ಮುಖಕ್ಕೆ ಹೋಗತ್ತೆ, ಒಂದೇ ಕಾಜಲ್ಲು ಹತ್ತು ಕಣ್ಣು ನೋಡತ್ತೆ. 2023ರ ಮಳೆಗಾಲದಲ್ಲಿ ಕಣ್ಣು ಬೇನೆ, ಅದೇ ಮದ್ರಾಸ್ ಐ, ಮನೆಮನೆಗೂ ಹೆಂಗೆ ಹಬ್ಬಿತ್ತು ಅಂತ ಮರೆತುಬಿಟ್ವಾ? ಸ್ಟಾಲಲ್ಲಿ ಫ್ರೀ ಕಾಜಲ್ ಇಡೋರನ್ನ ಕಂಡ್ರೆ ನಾನು ಆ ಕಡೆಗೇ ಹೋಗಲ್ಲ.

ಇನ್ನು ಬ್ಲೀಚ್ ವಿಷ್ಯ. ಹೈಡ್ರೋಜನ್ ಪೆರಾಕ್ಸೈಡ್ ಥರದ ಕೆಮಿಕಲ್ ಹಾಕಿ ಮುಖದ ಮೇಲಿನ ಸಣ್ಣ ಕೂದಲಿನ ಬಣ್ಣ ತೆಗೆಯೋದು ಅಷ್ಟೇ ಅದು, ಚರ್ಮ ಬೆಳ್ಳಗಾಗೋದೇನಿಲ್ಲ. ಡಬ್ಬಿ ಮೇಲೇ ಬರೆದಿರತ್ತೆ, ಮೊದ್ಲು ಸ್ವಲ್ಪ ಹಚ್ಚಿ ಟೆಸ್ಟ್ ಮಾಡಿ ಅಂತ. ಕ್ಲಬ್‌ಹೌಸಲ್ಲಿ ಟೋಕನ್ ಹಿಡ್ಕೊಂಡು ಕ್ಯೂನಲ್ಲಿ ನಿಂತಿರೋರಿಗೆ ಯಾರು ಟೆಸ್ಟ್ ಮಾಡ್ತಾರೆ? ಅಲರ್ಜಿ ಅನ್ನೋದು ಹಚ್ಚಿದ ತಕ್ಷಣ ಕಾಣಿಸ್ಕೊಳ್ಳಲೇಬೇಕು ಅಂತಿಲ್ಲ, ಎಷ್ಟೋ ಸಲ ಒಂದೆರಡು ದಿನ ಬಿಟ್ಟು ಏಳತ್ತೆ, ಹೇರ್ ಡೈ ಪ್ಯಾಕೆಟ್ ಮೇಲೆ 48 ಗಂಟೆ ಮುಂಚೆ ಹಚ್ಚಿ ನೋಡಿ ಅನ್ನೋದೂ ಅದಕ್ಕೇ. ನಮ್ಮ ಹತ್ರ ಇರೋದು 15 ನಿಮಿಷ. ಸೋಮವಾರ ಬೆಳಗ್ಗೆ ಮುಖ ಊದಿಸ್ಕೊಂಡು ಆಫೀಸಿಗೆ ಹೋಗೋರು ಅವ್ರು, ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ ಫೋಟೋ ಸಮೇತ ಬೈಸ್ಕೊಳ್ಳೋರು ನಾವು.

ಈಗಂತೂ ಅರ್ಧಕ್ಕರ್ಧ ಹುಡುಗೀರು ಸ್ಕಿನ್ ಡಾಕ್ಟ್ರು ಬರ್ಕೊಟ್ಟಿದ್ದೋ ರೀಲ್ಸ್ ನೋಡಿ ತರ್ಸಿದ್ದೋ ಟ್ರೆಟಿನಾಯಿನ್, ಅಡಾಪಲೀನ್, ರೆಟಿನಾಲ್ ಅಂತ ಕ್ರೀಮ್‌ಗಳನ್ನ ರಾತ್ರಿ ಮುಖಕ್ಕೆ ಹಚ್ಕೋತಿರ್ತಾರೆ, ಚರ್ಮ ನಾಜೂಕಾಗಿರತ್ತೆ. ಅಂಥ ಚರ್ಮದ ಮೇಲೆ ವ್ಯಾಕ್ಸ್ ಇಟ್ಟು ಎಳೆದ್ರೆ ಕೂದಲ ಜೊತೆ ಚರ್ಮಾನೂ ಕಿತ್ಕೊಂಡು ಬರ್ಬಹುದು. ಪಿಂಪಲ್‌ಗೆ ಐಸೋಟ್ರೆಟಿನಾಯಿನ್ ಮಾತ್ರೆ ತಗೊಳ್ಳೋರಿಗಂತೂ ಮಾತ್ರೆ ನಿಲ್ಸಿದ ಮೇಲೂ 6 ತಿಂಗಳು ವ್ಯಾಕ್ಸ್ ಬೇಡ ಅಂತಾರೆ. ಇದನ್ನೆಲ್ಲ ಕೇಳಿ ತಿಳ್ಕೊಳ್ಳೋಕೂ ಟೈಮ್ ಬೇಕಲ್ವಾ, ಹಿಂದೆ ಡಿಜೆ ಬೇರೆ ಬಡೀತಿರ್ತಾನೆ, ಅವ್ರು ಹೇಳಿದ್ದು ನಮಗೆ ಕೇಳ್ಸಲ್ಲ ನಾವು ಕೇಳಿದ್ದು ಅವ್ರಿಗೆ ಕೇಳ್ಸಲ್ಲ.

ಮೆಹಂದಿ ಆದ್ರೆ ಸೇಫ್ ಅಲ್ವಾ ಅಂತೀರಾ. ಒಳ್ಳೆ ಮೆಹಂದಿ ಆದ್ರೆ ಸೇಫೇ. ರಾಜಸ್ಥಾನದ ಸೋಜತ್ ಪುಡಿ (ಇದು ಆ ಊರಿನದ್ದೇ ಅಂತ ಗುರುತಿಸೋ ಜಿಐ ಟ್ಯಾಗ್ 2021ರಲ್ಲಿ ಬಂದಿದ್ದು ಈ ಮೆಹಂದಿಗೇ), ಸಕ್ಕರೆ, ನಿಂಬೆರಸ, ಸ್ವಲ್ಪ ನೀಲಗಿರಿ ಎಣ್ಣೆ ಹಾಕಿ ಕಲಸಿ ಫ್ರೀಜರಲ್ಲಿ ಇಟ್ಕೊಂಡ ಕೋನ್ ಆದ್ರೆ ತೆಗೆದ ಕೂಡ್ಲೇ ಕಿತ್ತಳೆ ಬಣ್ಣ ಇರತ್ತೆ, ಒಂದೆರಡು ದಿನ ಆದ್ಮೇಲೆ ಗಾಢ ಕಂದು ಆಗತ್ತೆ. ಹಿತ್ತಿಲಲ್ಲಿ ಗೋರಂಟಿ ಸೊಪ್ಪು ಅರೆದು ಹಚ್ಕೊಂಡೋರಿಗೆಲ್ಲ ಇದು ಗೊತ್ತು. ಈವೆಂಟಲ್ಲಿ ಜನಕ್ಕೆ ಅಷ್ಟು ತಾಳ್ಮೆ ಇಲ್ಲ, ಈಗಿಂದೀಗ ಕಪ್ಪಾಗ್ಬೇಕು, ಫೋಟೋಗೆ ಬರ್ಬೇಕು. ಆಗ ಬರೋದು ‘ಬ್ಲಾಕ್ ಮೆಹಂದಿ’. ಮೆಹಂದಿ ಎಲೆಗೆ ಅಂಥ ಕಡುಗಪ್ಪು ಬಣ್ಣಾನೇ ಇಲ್ಲ ಕಣ್ರೀ, ಆ ಥರ ಕೋನಲ್ಲಿ ಇರೋದು ಎಷ್ಟೋ ಸಲ ಹೇರ್ ಡೈಗೆ ಹಾಕೋ ಪಿಪಿಡಿ ಕೆಮಿಕಲ್. ಅದಕ್ಕೆ ಒಂದು ಸಲ ಚರ್ಮ ತಿರುಗಿ ಬಿತ್ತು ಅಂದ್ರೆ ಸಾಮಾನ್ಯವಾಗಿ ಜೀವನಪೂರ್ತಿ ಹಂಗೇ, ಮುಂದೆ ತಲೆಗೆ ಪಿಪಿಡಿ ಇರೋ ಡೈ ಹಚ್ಚೋಕಾಗಲ್ಲ. ಚಿಕ್ಕ ಮಕ್ಕಳನ್ನ ಕರ್ಕೊಂಡು ಬಂದು ಪಾಪೂಗೂ ಒಂದು ಹೂವು ಹಾಕಿ ಆಂಟಿ ಅಂತಾರೆ, ನಾನು ಹಾಕಲ್ಲ ಅಂದ್ರೆ ಇವಳಿಗೆ ಜಂಭ ಅಂತಾರೆ. ಅನ್ಲಿ.

ಹಂಗಾದ್ರೆ ನೀನು ಮಾಡೋದಾದ್ರೂ ಏನಮ್ಮ ಅಂತ ಕೇಳ್ತೀರಲ್ಲ, ಕೇಳಿ.

ಕೈ ಮಸಾಜ್. ಇದಕ್ಕಿಂತ ಒಳ್ಳೇದು ಯಾವ್ದೂ ಇಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಎರಡು ಪ್ಲಾಸ್ಟಿಕ್ ಕುರ್ಚಿ, ಮಧ್ಯೆ ಒಂದು ಸ್ಟೂಲ್, ಅದರ ಮೇಲೆ ದಿಂಬು, ಪ್ರತಿಯೊಬ್ಬರಿಗೂ ಬೇರೆ ಟವೆಲ್, ಉಗುರು ಬೆಚ್ಚಗಿನ ಕೊಬ್ಬರಿ ಎಣ್ಣೆ, ಅಷ್ಟೇ. ಬಳೆ ತೆಗೀರಿ ಅಂದ್ರೆ ಎಷ್ಟೋ ಜನ ತೆಗೆಯಲ್ಲ, ತೆಗೀಬೇಕಾಗೂ ಇಲ್ಲ, ಮೊಣಕೈ ಕಡೆ ಮೇಲಕ್ಕೆ ಸರಿಸಿ ಒಂದು ಸ್ಕ್ರಂಚಿ ಹಾಕಿದ್ರೆ ನಿಲ್ಲತ್ತೆ. ಮಣಿಕಟ್ಟಿಂದ ಶುರು ಮಾಡಿ ಅಂಗೈ ಮಧ್ಯ ಹೆಬ್ಬೆರಳಲ್ಲಿ ಒತ್ತಿ ಒಂದೊಂದೇ ಬೆರಳು ನಿಧಾನಕ್ಕೆ ಎಳ್ಕೊಂಡು ಬರೋದು. ಲ್ಯಾಪ್‌ಟಾಪ್ ಕುಟ್ಟೋ ಹುಡುಗಿಗೂ ದಿನಾ ಚಪಾತಿ ಹಿಟ್ಟು ಕಲಸೋ ಆಂಟಿಗೂ ನೋವಿರೋದು ಹೆಬ್ಬೆರಳಿನ ಬುಡದಲ್ಲೇ, ಅಲ್ಲಿ ಒತ್ತಿದ ತಕ್ಷಣ ಮಾತು ನಿಂತೋಗತ್ತೆ. ಒಬ್ಬರು ಅಜ್ಜಿ, ಮಗನ ಮನೆಗೆ ಊರಿಂದ ಬಂದೋರು, ‘ನಂಗ್ಯಾಕವ್ವ ಇದೆಲ್ಲ’ ಅಂತ್ಲೇ ಕೂತ್ರು, ಆಮೇಲೆ ಇನ್ನೊಂದು ಕೈಯನ್ನ ಅವರೇ ಮುಂದೆ ಮಾಡಿದ್ರು. ನಾನೂ ಏನೂ ಮಾತಾಡ್ಲಿಲ್ಲ.

ತಲೆ ಮಸಾಜೂ ಮಾಡ್ತೀನಿ, ಎಣ್ಣೆ ಇಲ್ದೆ, ಯಾಕಂದ್ರೆ ಎಲ್ರೂ ಹೂ ಮುಡ್ಕೊಂಡು ಜುಟ್ಟು ಕಟ್ಕೊಂಡು ಬಂದಿರ್ತಾರೆ. ಆದ್ರೆ ಕತ್ತು ತಿರುಗ್ಸಿ ನೆಟಿಗೆ ತೆಗೆಯೋದು ಮಾತ್ರ ಯಾರೇ ಕೇಳಿದ್ರೂ ಇಲ್ಲ. 2024ರಲ್ಲಿ ಬಳ್ಳಾರಿ ಕಡೆ ಒಬ್ಬ 30 ವರ್ಷದ ಹುಡುಗನಿಗೆ ಕಟಿಂಗ್ ಶಾಪಲ್ಲಿ ಫ್ರೀ ಮಸಾಜ್ ಅಂತ ಕತ್ತು ತಿರುಗ್ಸಿ, ಕತ್ತಿನ ರಕ್ತನಾಳ ಒಳಗೇ ಸೀಳಿ ಸ್ಟ್ರೋಕ್ ಆಗಿದ್ದು ಪೇಪರಲ್ಲೆಲ್ಲ ಬಂದಿತ್ತಲ್ಲ. ಅದನ್ನ ಓದಿದ ಮೇಲೂ ‘ಒಂದ್ಸಲ ಟಕ್ ಅನ್ಸಿ ಮೇಡಂ’ ಅನ್ನೋರಿಗೆ ಏನ್ ಹೇಳ್ಲಿ.

ಐಬ್ರೋ ಥ್ರೆಡಿಂಗ್ ಮಾಡ್ತೀನಿ, ಆದ್ರೆ ಶುರುನಲ್ಲೇ, 6ರಿಂದ 7ರ ಒಳಗೆ, ಯಾಕಂದ್ರೆ ಆ ಕೆಂಪು ಇಳಿಯೋಕೆ ಸ್ವಲ್ಪ ಹೊತ್ತು ಬೇಕು, ರ್‍ಯಾಂಪ್ ವಾಕಿಗೆ ಹತ್ತು ನಿಮಿಷ ಮುಂಚೆ ಓಡ್ಕೊಂಡು ಬಂದ್ರೆ ಹುಬ್ಬು ಹೊಡೆಸ್ಕೊಂಡು ಬಂದಂಗೆ ಕಾಣತ್ತೆ. ದಾರ ಬಾಯಲ್ಲಿ ಕಚ್ಕೊಂಡು ಮಾಡೋದು ನಮ್ಮಲ್ಲಿ ಹಳೇ ಅಭ್ಯಾಸ, ನಾನು ಕತ್ತಿಗೆ ಕಟ್ಕೊಂಡು ಮಾಡ್ತೀನಿ, ಪ್ರತಿಯೊಬ್ಬರಿಗೂ ಹೊಸ ದಾರ. ಮುಖದ ಮೇಲೆ ನರುಲಿ ಥರ ಸಣ್ಣ ಸಣ್ಣ ಗುಳ್ಳೆ ಇದ್ರೆ ಮುಟ್ಟಲ್ಲ, ದಾರ ಹೋದಲ್ಲೆಲ್ಲ ಅದೂ ಹೋಗತ್ತೆ. ತೊನ್ನು ಇರೋರಿಗೂ ಡಾಕ್ಟ್ರನ್ನ ಕೇಳ್ಕೊಂಡು ಬನ್ನಿ ಅಂತೀನಿ, ಗೀರು ಬಿದ್ದ ಕಡೆ ಹೊಸ ಮಚ್ಚೆ ಏಳೋ ಸಾಧ್ಯತೆ ಇರತ್ತೆ.

ಪೆಡಿಕ್ಯೂರ್ ಇಲ್ಲ. ಶುಗರ್ ಇರೋರ ಕಾಲಿಗೆ ಬಿಸಿ ನೀರಿನ ಬಿಸಿ ಗೊತ್ತಾಗದೆ ಇರ್ಬಹುದು, ಬ್ಲೇಡ್ ತಾಗಿ ಗಾಯ ಆದ್ರೂ ಗೊತ್ತಾಗದೆ ಇರ್ಬಹುದು, ಆ ರಿಸ್ಕ್ ನಂಗ್ಯಾಕೆ. ಜೆಲ್ ಪಾಲಿಶೂ ಇಲ್ಲ, ಹಾಕೋದೇನೋ ಹಾಕ್ಬಹುದು ತೆಗೆಯೋಕೆ ಯಾರು ಬರ್ತಾರೆ, ಮನೆಗೆ ಹೋಗಿ ಹಲ್ಲಲ್ಲಿ ಕಚ್ಚಿ ಕೀಳ್ತಾರೆ, ಉಗುರಿನ ಪದರಾನೇ ಎದ್ದು ಬರತ್ತೆ. ಅದೂ ಅಲ್ದೆ ಟಿಪಿಓ ಅನ್ನೋ ಕೆಮಿಕಲ್ ಇರೋ ಜೆಲ್ ಪಾಲಿಶನ್ನ ಯುರೋಪ್ ಒಕ್ಕೂಟದವರು 2025ರ ಸೆಪ್ಟೆಂಬರ್ 1ರಿಂದ ಬ್ಯಾನ್ ಮಾಡಿದಾರೆ, ಇಲ್ಲಿ ಹೋಲ್‌ಸೇಲಲ್ಲಿ ಸಿಗೋ ಬಾಟ್ಲಲ್ಲಿ ಏನಿದೆ ಅಂತ ಓದೋಕಾದ್ರೂ ಬರೆದಿರ್ಬೇಕಲ್ಲ. ಮಾಮೂಲಿ ನೇಲ್ ಪಾಲಿಶ್ ಹಾಕ್ತೀನಿ, ಊಟ ಆದ್ಮೇಲೆ ಮಾತ್ರ. ಮುಟ್ಟಿದ್ರೆ ಒಣಗಿದಂಗೆ ಅನ್ಸಿದ್ರೂ ಒಳಗೆ ಹಸಿ ಇರತ್ತೆ, ಬಿಸಿಬೇಳೆಬಾತಿಗೆ ಕೈ ಹಾಕಿದ್ರೆ ಮುಗೀತು. ಮೆಹಂದಿನೂ ಎಡಗೈಗೆ ಮಾತ್ರ. ಎರಡೂ ಕೈಗೆ ಹಾಕಿಸ್ಕೊಂಡು ಮಗಳ ಹತ್ರ ತುತ್ತು ತಿನ್ನಿಸ್ಕೊಳ್ತಾ ಕೂತ ಆಂಟಿಯರನ್ನ ಬೇಕಾದಷ್ಟು ನೋಡಿದೀನಿ, ಚೆನ್ನಾಗೇ ಇರತ್ತೆ ಬಿಡಿ ನೋಡೋಕೆ, ಆದ್ರೆ ಎಲ್ರಿಗೂ ಮಗಳು ಪಕ್ಕದಲ್ಲಿರಲ್ಲ.

ಇನ್ನೊಂದು ವಿಷ್ಯ, ಇದು ನಮ್ಮ ಕಸುಬಿನೋರಿಗೇ ಹೇಳ್ತಿರೋದು, ಬೇಜಾರ್ ಮಾಡ್ಕೋಬೇಡಿ. ಕುರ್ಚಿಗೆ ಕೂತ ತಕ್ಷಣ ‘ಮೇಡಂ ತುಂಬಾ ಟ್ಯಾನ್ ಆಗಿದೆ, ಡಾರ್ಕ್ ಸರ್ಕಲ್ ಬಂದಿದೆ, ಅಪ್ಪರ್ ಲಿಪ್ಪೂ ಮಾಡ್ಲಾ’ ಅಂತ ಶುರು ಹಚ್ಕೋತೀವಲ್ಲ, ಪಾರ್ಲರಲ್ಲಿ ಅದೇ ನಮ್ಮ ಹೊಟ್ಟೆಪಾಡು, ಗೊತ್ತು, ನಾನೂ ಮಾಡ್ತೀನಿ. ಇಂಥ ಸಂಜೆ ಮಾತ್ರ ಬಾಯಿಗೆ ಬೀಗ ಹಾಕೋಣ. ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರು ಬದಲಾಯ್ಸಿ ಗ್ಲೋ ಆಯ್ತು, ನಮ್ಮ ಬಾಯಿ ಇನ್ನೂ ಅಲ್ಲೇ ಇದೆ. ವರ್ಷಕ್ಕೊಂದು ಸಂಜೆ ಆರಾಮಾಗಿ ಕೂರ್ಲಿ ಅಂತ ಕರೆದು, ಕೂತೋರ ಮುಖದಲ್ಲಿ ತಪ್ಪು ಹುಡ್ಕೋದು ಯಾವ ಸೀಮೆ ಉಪಚಾರ?

ಆರಾಮಾಗಿ ಕೂರೋದು ಅಂದೆನಲ್ಲ, ಅದೇ ಈ ಸಂಜೆಯ ಅಸಲಿ ಟ್ರೀಟ್‌ಮೆಂಟ್ ಅಂತ ನಾನು ಅನ್ಕೊಂಡಿರೋದು. ಎಣ್ಣೆ, ದಾರ, ಪಾಲಿಶ್ ಎಲ್ಲ ಒಂದು ನೆಪ. ಗಂಡ ಮಕ್ಕಳು ಫೋನ್ ಮಾಡಿದ್ರೆ ‘ಕೈಯಲ್ಲಿ ಎಣ್ಣೆ ಇದೆ, ಆಮೇಲೆ ಮಾಡು’ ಅನ್ನೋಕೆ ಒಂದು ಕಾರಣ ಸಿಗತ್ತೆ.

ಅದಕ್ಕೇ ಕಮಿಟಿಯೋರಿಗೆ ನನ್ನ ಮೊದಲ್ನೇ ಕಂಡೀಶನ್, ಹೌಸ್‌ಕೀಪಿಂಗ್ ಅಕ್ಕಂದಿರಿಗೂ ಗೇಟಲ್ಲಿರೋ ಲೇಡಿ ಸೆಕ್ಯೂರಿಟಿಗೂ ಟೋಕನ್ ಕೊಡ್ಬೇಕು. ಅವತ್ತು ಸಂಜೆ ಕುರ್ಚಿ ಜೋಡಿಸೋರು ಅವ್ರೇ, ಕೇಕ್ ಬಿದ್ದ ನೆಲ ಒರೆಸೋರು ಅವ್ರೇ, ಮನೆಮನೆಗೆ ಪಾತ್ರೆ ತೊಳೆದು ಸೋಪಿನ ನೀರಲ್ಲಿ ಬೆರಳು ಬಿರುಕು ಬಿಟ್ಟಿರೋದೂ ಅವ್ರಿಗೇ. ‘ಅವ್ರಿಗೆ ಬೇರೆ ದಿನ ಮಾಡೋಣ ಮೇಡಂ’ ಅಂದ್ರು ಒಂದು ಕಡೆ. ಆ ಬೇರೆ ದಿನ ಯಾವತ್ತು ಅಂತ ಕೇಳಿದೆ, ಮೆಸೇಜಿಗೆ ಬ್ಲೂ ಟಿಕ್ ಬಂತು, ಉತ್ತರ ಬರ್ಲಿಲ್ಲ. ಇನ್ನೊಂದು ಕಡೆ ಪಾಪ ತಕ್ಷಣ ಒಪ್ಕೊಂಡ್ರು, 5ರಿಂದ 6 ಅವ್ರಿಗೆ ಅಂತ ಇಟ್ರು, ಆದ್ರೆ ಆ ಟೈಮಲ್ಲೇ ಸೂಪರ್‌ವೈಸರ್ ಬಂದು ಕುರ್ಚಿ ಎಣಿಸೋಕೆ ಕರೆದ. ಈಗ ಸೂಪರ್‌ವೈಸರ್‌ಗೆ ಮುಂಚೇನೇ ಹೇಳಿಡಿ ಅಂತ ಅದನ್ನೂ ಮೆಸೇಜಲ್ಲೇ ಬರೆದು ಕಳಿಸ್ತೀನಿ.

ಎರಡನೇ ಕಂಡೀಶನ್ ದುಡ್ಡು. ‘ನಿಮಗೆ ಎಕ್ಸ್‌ಪೋಶರ್ ಸಿಗತ್ತೆ, ಕಾರ್ಡ್ ಇಟ್ಕೊಳ್ಳಿ, 200 ಫ್ಲಾಟ್ ಇದೆ’ ಅಂತಾರೆ. ಆ 200 ಫ್ಲಾಟಲ್ಲಿ ಮುಕ್ಕಾಲು ಜನ ಆ್ಯಪಲ್ಲಿ ಬುಕ್ ಮಾಡ್ತಾರೆ, ನನಗೂ ಗೊತ್ತು, ಅವ್ರಿಗೂ ಗೊತ್ತು. ಟವೆಲ್ ಲಾಂಡ್ರಿ, ಎಣ್ಣೆ, ದಾರ, ಜೊತೆಗೆ ಬಂದ ಹುಡುಗೀರ ದಿನಗೂಲಿ, ಆಟೋ, ಇದ್ಯಾವುದೂ ಎಕ್ಸ್‌ಪೋಶರಲ್ಲಿ ಬರಲ್ಲ. ಬಲೂನ್ ಕಟ್ಟೋನಿಗೆ ಡಿಜೆಗೆ ಕೇಟರಿಂಗೋರಿಗೆ ಅಡ್ವಾನ್ಸ್ ಹಾಕ್ತೀರಲ್ಲ, ಅವತ್ತೇ ನಮಗೂ ಹಾಕಿ. ತಲೆಗಿಷ್ಟು ಅಂತ ಬೇಡ, ಅಷ್ಟು ಜನಕ್ಕೆ ಮಾಡ್ಬೇಕು ಅನ್ನೋ ಅವಸರ ಶುರುವಾಗೋದೇ ಅಲ್ಲಿಂದ. ಗಂಟೆಗಿಷ್ಟು ಅಂತ ಮಾತಾಡೋಣ, ಬನ್ನಿ.